ಗುರುವಾರದ ಊರಲ್ಲಿ ನನ್ನ ಸೋಮವಾರ

ಪುಣೆಗೆ ಬಂದ ಮೊದಲ ಗುರುವಾರ ಬೆಳಿಗ್ಗೆ ಕರೆಂಟು ಹೋಯಿತು, ಒಬ್ಬರೂ ಬೈಯಲಿಲ್ಲ. ನನಗೆ ದಿಗಿಲಾದದ್ದು ಅದಕ್ಕೇ. ನಮ್ಮ ಇಂಡಿ ಕಡೆ ಕರೆಂಟು ಹೋದರೆ ಓಣಿಗೆ ಓಣಿಯೇ ಲೈನ್‌ಮನ್‌ನ ಹೆಸರು ಹಿಡಿದು ಅವನ ಮನೆತನವನ್ನೆಲ್ಲ ಜಾಲಾಡುತ್ತದೆ. ಇಲ್ಲಿ ಕೊಂಢವಾ ಬಡಾವಣೆಯ ನಮ್ಮ ಗಲ್ಲಿಯಲ್ಲಿ ಹೆಂಗಸರು ಮುಂಜಾನೆಯೇ ನೀರು ತುಂಬಿಟ್ಟು, ಮಿಕ್ಸರಿನ ಕೆಲಸ ಮುಗಿಸಿ, ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಏನಾಯಿತೆಂದು ಕೇಳಿದರೆ, “ಆಜ್ ಗುರುವಾರ್ ಆಹೆ ನಾ!” ಎಂದು ನಕ್ಕರು. ಇವತ್ತು ಗುರುವಾರ ಅಲ್ಲವೇ, ಅಷ್ಟೇ ಉತ್ತರ. ಇದ್ಯಾವುದೋ ದತ್ತನ ವ್ರತ, ದೀಪ ಹಚ್ಚದೆ ಇರುವ ನೇಮ ಎಂದುಕೊಂಡು ನಾನೂ ಆ ದಿನ ಉಪವಾಸ ಮಾಡಿದೆ. ಅರಿವೆ ಅಂಗಡಿಯಲ್ಲಿ ಗುಮಾಸ್ತರಾಗಿರುವ ನನ್ನ ಗಂಡ ಸಂಜೆ ಬಂದು ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಹುಚ್ಚಿ, ವ್ರತ ಅಲ್ಲ, ರಿಪೇರಿ. ಈ ಊರಾಗ ತಂತಿ ಕೆಲಸ ಏನಿದ್ರೂ ಗುರುವಾರ. ಹಸಕೊಂಡು ಕೂತ್ರ ಲೈಟ್ ಬರ್ತದೇನು?”

ನಾನು ಗಿರಣಿಯವರ ಮಗಳು. ನಮ್ಮ ಅಪ್ಪನದು ಊರಿಗೆ ಒಂದೇ ಹಿಟ್ಟಿನ ಗಿರಣಿ. ಮೂಗಿನ ತುಂಬ ಹಿಟ್ಟು ತುಂಬಿಕೊಂಡು ಬೆಳೆದವಳಿಗೆ ನಾಲ್ಕು ಗೋಡೆಯ ನಡುವೆ ಸುಮ್ಮನೆ ಕೂರುವುದು ಆಗಲಿಲ್ಲ. ಗಂಡನ ಹಿಂದೆ ಬಿದ್ದು ಒಂದು ಗಾಳಾ ಹಿಡಿಸಿದೆ. ಗಾಳಾ ಎಂದರೆ ಅಂಗಡಿಗೆಂದು ಬಿಡುವ ಒಂದೇ ಕೋಣೆ. ಅಲ್ಲಿ ಗಿರಣಿ ಹಾಕಿದೆ. ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ ಕಡೆಯ ಹೆಂಗಸರು ಜೋಳ ತಂದರು, “ಯಕ್ಕಾ, ಸಣ್ಣಂದು ಬೀಸು” ಎಂದು ನೆಲಕ್ಕೆ ಕೂತು ಊರ ಸುದ್ದಿ ಹೇಳಿದರು. ಮರಾಠಿ ಹೆಂಗಸರು ಗೋಧಿ ತಂದರು, ದೀಪಾವಳಿ ಹತ್ತಿರ ಬಂದರೆ ಭಾಜಣಿ ತಂದರು. ಹಲವು ಕಾಳುಗಳನ್ನು ಬೇರೆ ಬೇರೆ ಹುರಿದು ಕೂಡಿಸಿದ್ದಕ್ಕೆ ಭಾಜಣಿ ಎನ್ನುತ್ತಾರೆ. ಅದರ ಘಮಕ್ಕೆ ನಮ್ಮ ಗಲ್ಲಿಯೇ ಮೂಗರಳಿಸುತ್ತಿತ್ತು. ನನ್ನ ಮರಾಠಿಯೆಲ್ಲ ಕಲ್ಲಿನ ಸದ್ದಿನ ಮೇಲೆ ಕೂಗಿ ಕೂಗಿ ಕಲಿತದ್ದು, ಹೀಗಾಗಿ ಇವತ್ತಿಗೂ ನಾನು ಮರಾಠಿ ಮಾತಾಡಿದರೆ ಜಗಳ ಆಡಿದ ಹಾಗೆ ಕೇಳಿಸುತ್ತದೆ.

ಜಗಳ ಆಡಿದ್ದೂ ಉಂಟು. ಅದು ಸೋಮವಾರದ ಸಲುವಾಗಿ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಬಸವಣ್ಣನ ದಿನ ಅದು. ಅಪ್ಪ ಗಿರಣಿಗೂ ಅದೇ ನೇಮ ಹಾಕಿದ್ದ. “ಎತ್ತಿಗೆ ಒಂದಿನ ಬಿಡುವು ಅದ ಅಂದಮ್ಯಾಲೆ ಕಲ್ಲಿಗೂ ಇರಬೇಕವ್ವಾ” ಎನ್ನುತ್ತಿದ್ದ. ಸೋಮವಾರ ಬೆಲ್ಟ್ ಬಿಚ್ಚಿಟ್ಟು, ಕಲ್ಲು ಒರೆಸಿ, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗುತ್ತಿದ್ದ. ಅಪ್ಪ ಹೋದ. ಅವನ ನೇಮ ನನ್ನ ಜೊತೆ ಪುಣೆಗೆ ಬಂತು. ಗೋಡೆಯ ಮೇಲೆ ‘ಸೋಮವಾರ ಬಂದ್’ ಎಂದು ದೊಡ್ಡದಾಗಿ ಬರೆಸಿದೆ. ಗಲ್ಲಿಯವರಿಗೆ ಇದು ಅರ್ಥವೇ ಆಗಲಿಲ್ಲ. ಗುರುವಾರ ಹೇಗೂ ಲೈಟ್ ಇರುವುದಿಲ್ಲ, ಕಾರ್ಖಾನೆಗಳೂ ಆವತ್ತೇ ರಜೆ ಕೊಡುತ್ತವೆ, ನಿನ್ನದೇನು ಬೇರೆ ಪಂಚಾಂಗ ಎಂದರು. ಮನೆಯಲ್ಲಿ ಗಂಡನದೂ ಅದೇ ಮಾತು.

“ಗುರುವಾರ ಬಂದ್ ಇಟ್ರ ನಿನ್ನ ಗಂಟೇನು ಹೋಗ್ತದ? ವಾರದಾಗ ಎರಡು ದಿನ ಸುಮ್ಮ ಕೂಡ್ತಿಯಲ್ಲ.”

“ಗುರುವಾರ ಅವರು ಬಂದ್ ಮಾಡೋದು, ಸೋಮವಾರ ನಾ ಬಂದ್ ಮಾಡೋದು. ಎರಡೂ ಒಂದ ಹೆಂಗ ಆಗ್ತಾವ್ರಿ?” ಎಂದೆ. ಅವರು ಪೇಪರಿನೊಳಗೆ ಮುಖ ಹಾಕಿದರು.

ನಮ್ಮ ಗಲ್ಲಿಯ ಕೊನೆಗೆ ಕಪ್ಪು ಕಲ್ಲಿನ ಹಳೆಯ ಕಟ್ಟಡವೊಂದಿದೆ. ಎಲ್ಲರೂ ಪಾವರ್ ಹೌಸ್ ಎನ್ನುತ್ತಾರೆ. ಯಾವ ಕಾಲದ್ದೋ ಯಾರಿಗೂ ಗೊತ್ತಿಲ್ಲ. ಮಂಗಳೂರು ಹೆಂಚು, ಆನೆ ಹೋಗುವಷ್ಟು ಎತ್ತರದ ಬಾಗಿಲು, ಗೋಡೆಯ ಬಿರುಕಿನಲ್ಲಿ ಅರಳಿಯ ಗಿಡ. ಮುಂದಿನ ಕೋಣೆಯಲ್ಲಿ ಆಫೀಸು, ಹಿಂದಿನ ಕೋಣೆಯಲ್ಲಿ ಕತ್ತಲಲ್ಲಿ ಗುಂಯ್ಗುಡುವ ಯಂತ್ರಗಳು. ಊರಿನಲ್ಲಾದರೆ ಲೈನ್‌ಮನ್‌ನನ್ನು ಚಹಾ ಅಂಗಡಿಯಿಂದ ಕೈಹಿಡಿದು ಕರೆತರುತ್ತಿದ್ದೆವು. ಇಲ್ಲಿ ಸರದಿಯಲ್ಲಿ ನಿಂತು, ತಕ್ರಾರು ಬರೆಸಿ, ನಂಬರು ತಗೊಂಡು, “ಉದ್ಯಾ ಯಾ”, ನಾಳೆ ಬನ್ನಿ, ಎಂದು ಹೇಳಿಸಿಕೊಂಡು ಬರಬೇಕು. ಒಂದು ಗುರುವಾರ ಹೋದಾಗ ಆಫೀಸಿನಲ್ಲೇ ಕರೆಂಟಿರಲಿಲ್ಲ. ಸಾಹೇಬರು ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಅವತ್ತು ಮಾತ್ರ ನನಗೆ ಈ ಊರಿನ ಮೇಲೆ ಪ್ರೀತಿ ಹುಟ್ಟಿತು, ಕಾನೂನು ಎಲ್ಲರಿಗೂ ಒಂದೇ ಎಂದು.

ಅದೇ ಆಫೀಸಿನಿಂದ ನನಗೆ ನೋಟೀಸು ಬಂತು. ಎದುರಿನ ಸೊಸಾಯಿಟಿಯ ಫ್ಲ್ಯಾಟುಗಳಲ್ಲಿ ಸಂಜೆ ದೀಪ ಮಂದವಾಗುತ್ತವೆ, ಲಿಫ್ಟು ನಿಲ್ಲುತ್ತದೆ, ಕಾರಣ ಈ ಗಿರಣಿಯ ಮೋಟಾರು, ಇದರ ತ್ರೀ ಫೇಸ್ ಲೈನು ಯಾಕೆ ಕತ್ತರಿಸಬಾರದು ಎಂದು. ದೂರು ಕೊಟ್ಟವರು ಸೊಸಾಯಿಟಿಯ ಚೇರಮನ್ ಸಾಠೆ ಕಾಕಾ, ಬ್ಯಾಂಕಿನಿಂದ ನಿವೃತ್ತರಾದ ಗಟ್ಟಿ ದನಿಯ ಮನುಷ್ಯ. ತ್ರೀ ಫೇಸ್ ಹೋದರೆ ಗಿರಣಿ ಹೋಯಿತು. ಗಿರಣಿ ಹೋದರೆ ಈ ಊರಲ್ಲಿ ನಾನು ಯಾರು? ಗಂಡನ ಊಟದ ಡಬ್ಬಿ ಕಟ್ಟುವವಳು, ಅಷ್ಟೇ. ಆ ರಾತ್ರಿ ಅತ್ತು, ಮರುದಿನ ಬೆಳಿಗ್ಗೆ ಮುಖ ತೊಳೆದು ಪಾವರ್ ಹೌಸಿಗೆ ಹೋದೆ. ಸಾಠೆ ಕಾಕಾ ಅಲ್ಲೇ ಕೂತಿದ್ದರು.

“ತಾಈ, ತಕ್ರಾರು ಇದೆ, ನಾನೇನು ಮಾಡಲಿ?” ಎಂದರು ಸಾಹೇಬರು. ತಾಈ ಎಂದರೆ ಅಕ್ಕ. ಅಕ್ಕ ಎನ್ನುತ್ತಲೇ ಕುತ್ತಿಗೆ ಕೊಯ್ಯುವ ಮರ್ಯಾದೆ ನೋಡಿ!

“ದೀಪ ಯಾವತ್ತು ಮಂದ ಆಗುತ್ತವೆ?” ಎಂದು ಕಾಕಾರನ್ನು ಕೇಳಿದೆ.

“ರೋಜ್!” ದಿನಾ ಎಂದರು.

“ಸೋಮವಾರ?”

“ಸೋಮವಾರೀ ಪಣ್! ರೋಜ್ ಮ್ಹಣ್ಜೆ ರೋಜ್!” ಸೋಮವಾರ ಕೂಡ, ದಿನಾ ಅಂದರೆ ದಿನಾ ಎಂದು ಮೇಜು ಗುದ್ದಿದರು.

ನನಗೆ ನಗು ತಡೆಯಲಾಗಲಿಲ್ಲ. “ಸಾಹೇಬ್, ನನ್ನ ಗಿರಣಿ ಸೋಮವಾರ ತಿರುಗುವುದಿಲ್ಲ. ಇಡೀ ಗಲ್ಲಿ ಅದಕ್ಕೇ ನನ್ನನ್ನು ನೋಡಿ ನಗಾಡುತ್ತದೆ. ಇವರನ್ನೇ ಕೇಳಿ, ಸೋಮವಾರ ಹಿಟ್ಟು ಸಿಗಲಿಲ್ಲವೆಂದು ನನ್ನ ಮೇಲೆ ಎಷ್ಟು ಸಲ ಹರಿಹಾಯ್ದಿದ್ದಾರೆ.”

ಕಾಕಾ, ಶಟರ್ ಎಳೆದುಕೊಂಡು ಒಳಗೆ ಬೀಸುತ್ತೀರೋ ಏನೋ ಯಾರಿಗೆ ಗೊತ್ತು ಎಂದುಬಿಟ್ಟರು. ಬಸವಣ್ಣನ ದಿನ ಕಳ್ಳತನದಲ್ಲಿ ಬೀಸುವವಳೇ ನಾನು? ಮೈ ಉರಿದುಹೋಯಿತು. ಬರುವ ಸೋಮವಾರ ಬನ್ನಿ, ಬೆಲ್ಟ್ ಬಿಚ್ಚಿ ಹೊರಗಿಡುತ್ತೇನೆ, ಶಟರಿಗೆ ಬೀಗ ಹಾಕಿ ಕೀಲಿ ನಿಮ್ಮ ಕೈಗೆ ಕೊಡುತ್ತೇನೆ, ಸಾಹೇಬರೂ ಬರಲಿ ಎಂದು ಅಲ್ಲೇ ಸವಾಲು ಹಾಕಿದೆ. ಸರದಿಯಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದರಿಂದ ಸಾಹೇಬರಿಗೆ ಇಲ್ಲ ಎನ್ನಲು ಬರಲಿಲ್ಲ.

ಸೋಮವಾರ ದೀಪ ಹಚ್ಚುವ ಹೊತ್ತಿಗೆ ಗಲ್ಲಿಯಲ್ಲಿ ಜನ ಸೇರಿತು, ಸಾಹೇಬರೂ ಬಂದು ನಿಂತರು. ಹೇಳಿದಂತೆ ಬೆಲ್ಟನ್ನು ಕಟ್ಟೆಯ ಮೇಲೆ ಸುತ್ತಿಟ್ಟೆ. ಕಾಕಾ ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಮೇಲಿನಿಂದ ನೋಡುತ್ತೇನೆ ಎಂದು ಲಿಫ್ಟು ಹತ್ತಿದರು. ಮನೆಮನೆಯಲ್ಲಿ ದೀಪ, ಮಿಕ್ಸರು, ಟೀವಿ ಶುರುವಾದವು. ಇವತ್ತೇ ಎಲ್ಲ ನೆಟ್ಟಗೆ ಉರಿದುಬಿಟ್ಟರೆ? ಅಷ್ಟರಲ್ಲಿ ಫ್ಲ್ಯಾಟಿನ ದೀಪಗಳು ಒಮ್ಮೆಲೇ ಕೆಂಪಗಾದವು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಒಳಗಿನಿಂದ ಕಾಕಾರ ಗಟ್ಟಿ ದನಿ, ಅವರ ಜೇಬಿನಲ್ಲಿ ನನ್ನ ಕೀಲಿ!

“ಈಗರೆ ತಿಳೀತೇನ್ರಿ ಕಾಕಾ?” ಎಂದು ಕನ್ನಡದಲ್ಲೇ ಕೂಗಿದೆ. ಜೋಳದ ಹೆಂಗಸರು ಸೀಟಿ ಹೊಡೆದರು.

ಮರುದಿನ ಪಾವರ್ ಹೌಸಿನ ಹಿಂದಿನ ಕೋಣೆ ತೆರೆದು ನೋಡಿದರೆ ಹಳೆಯ ಕೇಬಲ್ಲಿನ ಜೋಡಣೆಯೊಂದು ಸುಟ್ಟು ಕರಕಲಾಗಿತ್ತು. “ಹೋಗಲಿ ಬಿಡಿ ತಾಈ, ಮುಗಿಯಿತಲ್ಲ” ಎಂದರು ಸಾಹೇಬರು. ನಾನು ಬಿಡಲಿಲ್ಲ. ಕತ್ತರಿಸುತ್ತೇವೆ ಎನ್ನುವುದನ್ನು ಕಾಗದದಲ್ಲಿ ಕೊಟ್ಟವರು ಕತ್ತರಿಸುವುದಿಲ್ಲ ಎನ್ನುವುದನ್ನೂ ಕಾಗದದಲ್ಲೇ ಕೊಡಬೇಕು ಎಂದು ಅವರ ಮೇಜಿನ ಮುಂದೆ ಸಂಜೆಯವರೆಗೆ ಕೂತೆ. ಕೊಟ್ಟರು. ಗುರುವಾರ ನನ್ನ ರಜೆ ಮಾಡಿಕೊಂಡಿದ್ದರೆ ಈ ಪುರಾವೆ ನನಗೆಲ್ಲಿ ಸಿಗುತ್ತಿತ್ತು? ಲೈಟೇ ಇಲ್ಲದ ದಿನ ಗಿರಣಿ ಬಂದ್ ಇದ್ದರೇನು, ಬಿಟ್ಟರೇನು.

ಮಳೆಗಾಲ ಮುಗಿಯುವಷ್ಟರಲ್ಲಿ ಹೊಸ ಟ್ರಾನ್ಸ್‌ಫಾರ್ಮರು ಬಂತು, ಕಲ್ಲಿನ ಕಟ್ಟಡಕ್ಕೆ ಬೀಗ ಬಿತ್ತು. ಕಾಕಾ ಕ್ಷಮೆ ಕೇಳಲಿಲ್ಲ. ತಾವೇ ಗೋಧಿಯ ಡಬ್ಬಿ ಹಿಡಿದುಕೊಂಡು ಬರತೊಡಗಿದರು, ಅದೂ ‘ಹೌದ್ರಿ’, ‘ಬರ್ರಿ’ ಎಂದು ಎರಡು ಕನ್ನಡ ಮಾತು ಕಲಿತುಕೊಂಡು.

ಆ ಚಳಿಗಾಲದಲ್ಲಿ ಅಣ್ಣ ಸಿದ್ದಣ್ಣನ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಊರಿಗೆ ಹೋದೆ. ಅಪ್ಪನ ಗಿರಣಿ ಈಗ ಅವನದು. ಭಾನುವಾರ ಕುಬಸ ಮುಗಿಯಿತು. ಸೋಮವಾರ ಬೆಳಿಗ್ಗೆ ಎಚ್ಚರವಾದದ್ದು ಬೆಲ್ಟಿನ ಸಪ್ಪಳಕ್ಕೆ. ಕನಸೇ ಇರಬೇಕು ಎಂದುಕೊಂಡೆ. ಓಡಿ ಹೋಗಿ ನೋಡಿದರೆ ಕಲ್ಲು ತಿರುಗುತ್ತಿದೆ, ಅಣ್ಣ ಮೈಯೆಲ್ಲ ಹಿಟ್ಟಾಗಿ ನಿಂತಿದ್ದಾನೆ.

“ಅಣ್ಣಾ, ಇವತ್ತು ಸೋಮವಾರ!”

“ಗೊತ್ತದವ್ವಾ. ತ್ರೀ ಫೇಸ್ ಪಾಳಿ ಮ್ಯಾಲೆ ಬಿಡ್ತಾರ. ಬಿಟ್ಟಾಗ ಬೀಸಬೇಕು, ಇಲ್ಲಂದ್ರ ಮಂದಿ ಬ್ಯಾರೆ ಊರಿಗೆ ಹೋಗ್ತಾರ. ಅಪ್ಪನ ಕಾಲ ಹೋತು.” ಆಮೇಲೆ ನನ್ನ ಚೀಲದತ್ತ ಕೈ ಚಾಚಿದ. “ನೀ ಒಯ್ಯೋ ಜ್ವಾಳ ತಾ, ಬೀಸಿ ಕೊಡ್ತೀನಿ.”

“ಬ್ಯಾಡ” ಎಂದೆ. ಅವನ ಮೇಲೆ ಸಿಟ್ಟು ಬಂತು, ಅವನ ತಪ್ಪೇನೂ ಇಲ್ಲವೆಂದು ತಿಳಿದು ಇನ್ನಷ್ಟು ಸಂಕಟವಾಯಿತು. ಅದೇ ಸಂಜೆ ಬೀಸದ ಜೋಳದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಸೊಲ್ಲಾಪುರ, ಇಂದಾಪುರ ದಾಟಿದರೂ ಕಣ್ಣು ಮುಚ್ಚಲಿಲ್ಲ.

ಮಂಗಳವಾರ ಶಟರ್ ಎತ್ತುವಾಗ ಸಾಠೆ ಕಾಕಾ ಡಬ್ಬಿ ಹಿಡಿದು ನಿಂತಿದ್ದರು. ನಾನು ಊರಿಗೆ ಹೋದದ್ದು ಅವರಿಗೆ ಗೊತ್ತೇ ಇರಲಿಲ್ಲ. “ನಿನ್ನೆಯೇ ಹಿಟ್ಟು ಮುಗಿದಿತ್ತು. ಸೋಮವಾರ ಅಲ್ಲವೇ, ಅದಕ್ಕೆ ಬರಲಿಲ್ಲ” ಎಂದರು ಮರಾಠಿಯಲ್ಲಿ, ಅದು ಈ ಗಲ್ಲಿಯ ಹಳೆಯ ರೂಢಿಯೋ ಎಂಬಂತೆ. ನಾನು ಬೆಲ್ಟ್ ಏರಿಸುವುದನ್ನು ನೋಡುತ್ತ, “ನಿಮ್ಮ ಊರಲ್ಲೂ ಹೀಗೇ ಸೋಮವಾರ ಬಂದ್ ಇರುತ್ತದಲ್ಲ?” ಎಂದು ಕೇಳಿದರು.

ಮರಾಠಿ ಬಾಯಿಗೆ ಬರಲಿಲ್ಲ.

“ಹೌದ್ರಿ” ಎಂದೆ. ಸ್ವಿಚ್ಚು ಒತ್ತಿ, ಅವರ ಗೋಧಿಯನ್ನು ಪಕ್ಕಕ್ಕಿಟ್ಟು, ಮೊದಲು ನನ್ನ ಜೋಳ ಸುರಿದೆ.