ವಾಲಿದ ಕಲ್ಲನ್ನು ನೆಟ್ಟಗೆ ಮಾಡುವವರು

ಯರಗುಪ್ಪಿಯ ಬಾಬಾಸಾಬನಿಗೆ ಈ ಲೋಕದಲ್ಲಿ ಹೇಸಿಗೆ ಬರಿಸುವ ಸಂಗತಿಗಳು ಬಹಳ ಇದ್ದವು. ಆದರೆ ತಮ್ಮ ಸಲೀಮ್ ಹಾರೆ ಹಿಡಿದು ಇಬ್ಬರ ಹೊಲಗಳ ನಡುವಿನ ಬದುವಿನ ಕಡೆ ಹೊರಟನೆಂದರೆ ಬರುವಷ್ಟು ಹೇಸಿಗೆ ಬೇರೆ ಯಾವುದಕ್ಕೂ ಬರುತ್ತಿರಲಿಲ್ಲ.

ಎರೆಮಣ್ಣಿನಲ್ಲಿ ಬೇಲಿಯ ಕಲ್ಲು ನೆಟ್ಟಗೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ನೆಲ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ, ನಡುವೆ ಕಲ್ಲು ಕುಡಿದವನ ಹಾಗೆ ವಾಲುತ್ತದೆ. ಅದಕ್ಕೇ ಊರಲ್ಲೊಂದು ಕಟ್ಟಳೆ: ವಾಲಿದ ಕಲ್ಲನ್ನು ಎತ್ತಿ ನಿಲ್ಲಿಸುವಾಗ ಎರಡೂ ಹೊಲದವರು ಅಲ್ಲಿ ನಿಂತಿರಬೇಕು. ಬಾಬಾಸಾಬನ ಅಪ್ಪ ಅದನ್ನು ನಮಾಜಿನಷ್ಟೇ ನೇಮದಿಂದ ಪಾಲಿಸಿದ್ದ. ಸಲೀಮ್ ಮಾತ್ರ ಅಣ್ಣ ಕುಂದಗೋಳದ ಸಂತೆಗೆ ಹೋದ ದಿನವನ್ನೇ ಕಾಯುತ್ತಿದ್ದ. ಅವನು ನೆಟ್ಟಗೆ ಮಾಡಿದ ಕಲ್ಲು ಪ್ರತಿ ಸಲ ಒಂದು ಗೇಣು ಈಚೆ, ಅಣ್ಣನ ಹೊಲದೊಳಗೆ ಬಂದು ನಿಲ್ಲುತ್ತಿತ್ತು. ಬಾಬಾಸಾಬ ತಮ್ಮನ ಜೊತೆ ಮಾತು ಬಿಟ್ಟ. ಬಕ್ರೀದಿಗೆ ಆ ಮನೆಯಿಂದ ಬಂದ ಊಟದ ತಾಟನ್ನೂ ವಾಪಸು ಕಳಿಸಿದ.

"ತಾಟ್ ಏನ್ ಮಾಡೇತ್ರಿ ನಿಮಗ?" ಎಂದು ಹೆಂಡತಿ ಜಮೀಲಾಬಿ ರೇಗಿದಳು.

"ಆ ತಾಟಿನಾಗೂ ಒಂದ ಗೇಣ ನಂದs ಇರ್ತೈತಿ," ಎಂದ.

ಈ ಸಲ ಹಿಂಗಾರಿ ಮಳೆ ನಿಂತ ಮೇಲೆ ಹೊಲಕ್ಕೆ ಹೋದರೆ, ತಮ್ಮ ಸಲೀಮ್ ಮತ್ತು ತನ್ನ ಮಗ ಸಾಧಿಕ್ ಬದುವಿನ ಮೇಲೆ ಕೂತು ಒಟ್ಟಿಗೆ ಚಹಾ ಕುಡಿಯುತ್ತಿದ್ದರು. ಒಂದು ಗಳಿಗೆ ಬಾಬಾಸಾಬನ ಎದೆ ಮೆತ್ತಗಾಯಿತು. ಆಮೇಲೆ ಬೇಲಿ ಕಣ್ಣಿಗೆ ಬಿತ್ತು. ಎರಡೂ ಹೊಲಗಳ ಮುಂದೆ ಒಂದು ಚಕ್ಕಡಿ ದಾರಿ. ಅದನ್ನು ಹಿಡಿದು ಬಳಸಿ ಹೋದರೆ ಈ ಹೊಲಗಳ ಹಿಂದಿರುವ ಮಲ್ಲಕ್ಕನ ಹೊಲ. ಇಬ್ಬರೂ ತಮ್ಮ ತಮ್ಮ ಕಲ್ಲುಗಳನ್ನು ಆ ದಾರಿಗೆ ಸರಿಸಿ ತಂತಿ ಬಿಗಿದಿದ್ದರು. ಉಳಿದ ಜಾಗದಲ್ಲಿ ಒಂದು ಎತ್ತು ಹೋದರೆ ಹೆಚ್ಚು.

"ಏನಲೇ ಇದು?"

"ಅಬ್ಬಾ, ಇಬ್ಬರೂ ನಿಂತು ನೆಡಬೇಕಂತ ನೀವs ಹೇಳ್ತಿದ್ರಲ್ಲ," ಎಂದ ಸಾಧಿಕ್. "ನಾನೂ ಕಾಕಾನೂ ಇಬ್ಬರೂ ನಿಂತs ನೆಟ್ಟೀವಿ."

"ಜಗಳ ಮುಗೀತು ಭಾಯಿ," ಎಂದ ಸಲೀಮ್. ಎಷ್ಟೋ ವರ್ಷಗಳ ಮೇಲೆ ಅಣ್ಣನೊಂದಿಗೆ ಅವನಾಡಿದ ಮೊದಲ ಮಾತು ಅದು. "ದಾರಿ ಯಾರದರೆ ಐತಿ? ಯಾರದೂ ಅಲ್ಲ."

ಕದಿಯುವುದು ಸಾಲದೆ, ಕದ್ದ ಮಾಲಿಗೆ ಅಪ್ಪನ ಮಾತನ್ನೇ ಹೊದಿಸಿದ್ದರು ಈ ನಾಚಿಕೆಗೇಡಿಗಳು. ಅದರಲ್ಲೊಬ್ಬ ತನಗೇ ಹುಟ್ಟಿದವನು.

ಅಷ್ಟರಲ್ಲಿ ಕೂರಿಗೆ, ಕಡಲೆ ಬೀಜ ಹೇರಿಕೊಂಡು ಮಲ್ಲಕ್ಕನ ಚಕ್ಕಡಿ ಬಂತು. ತಂತಿ ನೋಡಿ ಎತ್ತು ನಿಲ್ಲಿಸಿದಳು.

"ಬಾಬಣ್ಣ, ಹೆಂಗ ಹೋಗ್ಲೋ? ಹದ ಇವತ್ತ ನಾಳೆ ಅಷ್ಟs. ಆರಿತಂದ್ರ ಈ ವರ್ಷದ ಬಿತ್ತಿಗಿ ಹೋತು."

ಬಾಬಾಸಾಬ ಹಾರೆ ಎತ್ತಿಕೊಂಡ. ಹಸಿ ನೆಲ, ತನ್ನ ಹೊಲದ ಮುಂದಿನ ಕಲ್ಲುಗಳನ್ನು ಒಂದೊಂದಾಗಿ ಮೀಟಿ ಕೆಡವಿದ. ಸಾಧಿಕ್ ಅಡ್ಡ ಬಂದವನು ಅಪ್ಪನ ಮುಖ ನೋಡಿ ಸರಿದ. ಸಲೀಮನ ಮೊದಲ ಕಲ್ಲಿಗೆ ಹಾರೆ ಇಡುವಾಗ ಸಲೀಮ್ ಕೈಕಟ್ಟಿ ನಿಂತು ನಕ್ಕ.

"ಮುಟ್ಟಬ್ಯಾಡ ಭಾಯಿ. ನಾ ಒಪ್ಪಿಲ್ಲ. ಇಬ್ಬರೂ ಒಪ್ಪಬೇಕಲ್ಲ?"

ಕಿತ್ತೆಸೆಯುವ ಶಕ್ತಿ ತೋಳಲ್ಲಿತ್ತು. ಕಿತ್ತರೆ ತಾನೂ ಇವನ ಜಾತಿಗೇ ಸೇರಿದಂತೆ. ಬಾಬಾಸಾಬ ಹಾರೆ ಬಿಸಾಕಿದ. ಸಲೀಮನ ಹೊಲದ ಮುಂದೆ ದಾರಿ ಕಟ್ಟಿದಂತೆಯೇ ಉಳಿಯಿತು. ತನ್ನ ಹೊಲದ ಹಿಂದಿನ ಬದು ದಾಟಿದರೂ ಮಲ್ಲಕ್ಕನ ಹೊಲವೇ ಸಿಗುತ್ತಿತ್ತು. ನಡುವೆ ಇದ್ದದ್ದು ಹತ್ತಿ.

"ಬರ್ರಿ ಅಕ್ಕಾ, ನನ್ನ ಹೊಲದಾಗ ಹಾಯ್ರಿ."

"ಕಾಯಿ ಕಟ್ಟಿದ ಹತ್ತಿ ಮ್ಯಾಲೆ ಚಕ್ಕಡಿ ಹೊಡೀಲೇನು? ನನ್ನ ಕೈಲೆ ಆಗೂದಿಲ್ಲೋ ತಮ್ಮಾ."

ಅವನೇ ಎತ್ತಿನ ಹಗ್ಗ ಹಿಡಿದು ಎಳೆದ. ಗಾಲಿಯ ಕೆಳಗೆ ಗಿಡಗಳು ಲಟಲಟ ಮುರಿದವು. ಅವನು ನಿಲ್ಲಲಿಲ್ಲ.

"ಹಂಗಾದ್ರ ದಾರಿ ಇನ್ನ ನಿನ್ನ ಹೊಲದಾಗs ಆತು ಬಿಡು ಭಾಯಿ!" ಎಂದು ಸಲೀಮ್ ಹಿಂದಿನಿಂದ ಕೂಗಿದ.

ಬಾಬಾಸಾಬ ತಿರುಗಿ ಉಗುಳಿದ.

"ಆತಲೇ. ಈ ದಾರಿನರೆ ಕದೀದs ಬಿಡ್ರಿ."