ಸ್ವಾಮೀಜಿ ಅಗಿದ ಬಾಳೆಹಣ್ಣು

ಸ್ವಾಮೀಜಿ ಬಾಳೆಹಣ್ಣನ್ನು ಕಚ್ಚಿದರು. ಅಗಿದರು. ಅಗಿಯುತ್ತಲೇ ಇದ್ದರು. ಬಟವಾಡಿಯ ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಬಂದ ನೆಂಟರೆಲ್ಲ ಅವರ ದವಡೆಯನ್ನೇ ನೋಡುತ್ತಿದ್ದರು. ನನ್ನ ಮಾವ ಮಾತ್ರ ಫ್ಯಾನ್ ನೋಡುತ್ತಿದ್ದರು.

ಹಣ್ಣು ಮಾವನದೇ ಗುಬ್ಬಿಯ ತೋಟದ್ದು. "ತೋಟ ಇಟ್ಕೊಂಡು ಅಂಗಡಿ ಹಣ್ಣು ತರ್ತಾರೇನಮ್ಮ?" ಎಂದು ನನ್ನನ್ನು ಗದರಿ, ಇನ್ನೂ ಬಲಿಯದ ಗೊನೆಗಳನ್ನೇ ಕಡಿದು ತಂದಿದ್ದರು. ಮೂರೇ ದಿನದಲ್ಲಿ ಹಣ್ಣಾಗಬೇಕಲ್ಲ! ಗೊಬ್ಬರದಂಗಡಿಯಿಂದ ಕಾಯಿ ಹಣ್ಣು ಮಾಡುವ ಹಾರ್ಮೋನ್ ಔಷಧಿ ತಂದು, ನೀರಿಗೆ ಬೆರೆಸಿ ಗೊನೆಗಳನ್ನು ಅದ್ದಿದರು. ಅಂಗಡಿಯವನು ಹೇಳಿದ್ದು ಬಕೆಟ್ಟಿಗೆ ಒಂದು ಮುಚ್ಚಳ. ಬರುವವರು ಸ್ವಾಮೀಜಿಯೆಂಬ ಭಕ್ತಿಗೆ ಇವರು ಹಾಕಿದ್ದು ನಾಲ್ಕು. ಮಾರನೆಯ ದಿನವೇ ಸಿಪ್ಪೆ ಚಿನ್ನದಂತೆ ಹೊಳೆಯಿತು. ಒಂದು ಸುಲಿದು ರುಚಿ ನೋಡೋಣವೆಂದು ನಾನು ಕೈ ಹಾಕಿದರೆ, ಸ್ವಾಮೀಜಿಗಿಂತ ಮೊದಲೇ ತಿನ್ನುವುದೇ ಎಂದು ಅತ್ತೆ ಕೈಮೇಲೆ ಹೊಡೆದರು. ಹಾಗಾಗಿ ಆ ಹಣ್ಣಿನ ಒಳಗನ್ನು ಮೊದಲು ಕಂಡವರು ಸ್ವಾಮೀಜಿಯೇ.

ಕೊನೆಗೂ ನುಂಗಿ, ಒಂದು ಲೋಟ ನೀರು ಕುಡಿದು, ಅವರು ಮಾವನ ಕಡೆ ತಿರುಗಿದರು. "ಬಣ್ಣ ಬಾಳ ಚೆನ್ನಾಗ್ ಬಂದೈತಪ್ಪ. ಒಂದ್ ಒಗ್ಗರಣೆ ಹಾಕ್ಬೇಕಿತ್ತು, ಅಷ್ಟೇ."

ನೆಂಟರು ನಗು ತಡೆದುಕೊಂಡು, ತಮ್ಮ ತಮ್ಮ ತಾಂಬೂಲದ ಚೀಲದೊಳಗಿನ ಹಣ್ಣನ್ನು ಮೆಲ್ಲಗೆ ಒತ್ತಿ ನೋಡಿದರು. ಎಲ್ಲವೂ ಕಲ್ಲು.

ಈಗ ನಮ್ಮನೆಯಲ್ಲಿ ಬಾಳೆಕಾಯಿ ಪಲ್ಯ ಮಾಡಿದಾಗಲೆಲ್ಲ ಅತ್ತೆ ಅದನ್ನು "ತಗೊಳ್ಳಿ, ಪ್ರಸಾದ" ಎಂದೇ ಮಾವನಿಗೆ ಬಡಿಸುತ್ತಾರೆ. ಮಾವ ಕಣ್ಣಿಗೊತ್ತಿಕೊಂಡು ತಿನ್ನುತ್ತಾರೆ.