ರೆಕ್ಕೆಗೆ ರಿವೆಟ್ಟು ಹೊಡೆದವರು

ಮನೆಯಲ್ಲೇ ವಿಮಾನ ಕಟ್ಟುತ್ತೇನೆ ಎಂದಾಗ, ಅದು ಆಗುವ ಹೋಗುವ ಮಾತಲ್ಲ ಎಂದವರು ನನ್ನ ದೊಡ್ಡಪ್ಪ. ಬಾಳಗಡಿಯಲ್ಲಿ ಅವರದು ತಗಡಿನ ಅಂಗಡಿ. ಸೂರಿನ ನೀರು ಹಿಡಿಯುವ ದೋಣಿಗಳನ್ನು ಮಾಡಿಕೊಡುತ್ತಾರೆ.

“ಎಂತ ವಿಮಾನ ಮಾರಾಯ? ನಿನ್ನ ಸ್ಕೂಟರೇ ಕೊಪ್ಪದ ಏರು ಹತ್ತಲ್ಲ.”

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಎರಡು ಸಲ ಫೇಲಾಗಿ ಇಂಜಿನಿಯರಿಂಗ್ ಮುಗಿಸಿದವನು. ಅದರ ಹೆಮ್ಮೆ ಈಗಲೂ ಇದೆ. ನಕ್ಷೆ ಓದಬಲ್ಲವನಿಗೆ ಇಬ್ಬರು ಕೂರುವ ವಿಮಾನ ಯಾವ ಮಹಾ ಎಂದುಕೊಂಡೆ.

ಬಿಡಿಭಾಗಗಳು ಮರದ ಪೆಟ್ಟಿಗೆಗಳಲ್ಲಿ ಬಂದವು. ಕಾರಿನ ಶೆಡ್ಡಿನಲ್ಲಿ ಮೊದಲು ಬಾಲ ಜೋಡಿಸಿದೆ. ತಗಡು ಬೆಸೆಯಲು ನಾನು ಹೊಡೆದ ರಿವೆಟ್ಟು ಮೊಳೆಗಳ ತಲೆ ಒಂದೊಂದೂ ಒಂದೊಂದು ಕಡೆಗೆ ವಾಲಿತ್ತು. ದೊಡ್ಡಪ್ಪ ಬಂದು ಸಾಲಿನುದ್ದಕ್ಕೂ ಉಗುರು ಎಳೆದು ನೋಡಿ, “ಪುಸ್ತಕದಲ್ಲಿ ಹೀಗೇ ಹೊಡೀರಿ ಅಂತ ಬರ್ದಿದ್ಯಾ?” ಎಂದರು. ಎಲ್ಲವನ್ನೂ ಕೊರೆದು ತೆಗೆದು, ಮತ್ತೆ ಅವರೇ ಹೊಡೆದರು.

ರೆಕ್ಕೆಗಳೂ ಅವರ ಕೈಗೇ ಹೋದವು. ಅವರ ಏಟಿಗೆ ಆನಿಕೆಯಾಗಿ ನಾನು ತಗಡಿನ ಹಿಂದಿನಿಂದ ಕಬ್ಬಿಣದ ತುಂಡು ಒತ್ತಿ ಹಿಡಿಯುತ್ತಿದ್ದೆ. ಅವರು ಕಣ್ಣಿಗಿಂತ ಕಿವಿಯನ್ನೇ ನಂಬುತ್ತಿದ್ದರು. ಏಟಿನ ಸದ್ದು ಗಡುಸಾದ ಕೂಡಲೇ ಕೈ ತೆಗೆಯುತ್ತಿದ್ದರು. “ಸಾಕು. ಇನ್ನೊಂದು ಬಿದ್ರೆ ತಗಡು ಅಳ್ತದೆ.” ಶೆಟ್ಟಿಕೊಪ್ಪದ ಗಿರಾಕಿಯೊಬ್ಬರು ದೋಣಿ ಕೇಳಿಕೊಂಡು ಶೆಡ್ಡಿಗೇ ಬಂದರು. “ಮಳೆಗೆ ಮುಂಚೆ ಕೊಡ್ತೀನಿ ಮಾರಾಯ್ರೆ, ಈಗ ರೆಕ್ಕೆ ಕೆಲಸ ನಡೀತಿದೆ” ಎಂದು ಅವರನ್ನು ಕಳಿಸಿಬಿಟ್ಟರು. ಆಗಲ್ಲ ಎಂದವರು ಇವರೇನಾ ಅನ್ನಿಸಿತ್ತು ನನಗೆ.

ಹಾರಾಟಕ್ಕೆ ಸರ್ಕಾರದ ಒಪ್ಪಿಗೆ ಬೇಕಾದರೆ, ಯಾವ ದಿನ ಯಾವ ಕೆಲಸ, ಮಾಡಿದವರು ಯಾರು ಎಂದು ಒಂದು ಪುಸ್ತಕದಲ್ಲಿ ಬರೆದಿಡಬೇಕಿತ್ತು. ಎಲ್ಲ ಕಡೆಯೂ ನನ್ನ ಹೆಸರನ್ನೇ ಬರೆದೆ. ನಾಲ್ಕನೇ ಕ್ಲಾಸಷ್ಟೇ ಓದಿದ ದೊಡ್ಡಪ್ಪನ ಕೆಲಸವೆಂದರೆ ಒಪ್ಪಿಗೆ ಸಿಗಲಿಕ್ಕಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಅದು ನೆಪ. ಇಂಜಿನಿಯರನಿಗೆ ಒಂದು ರಿವೆಟ್ಟು ನೆಟ್ಟಗೆ ಹೊಡೆಯಲು ಬರುವುದಿಲ್ಲ ಎಂಬುದು ಕಾಗದದ ಮೇಲೆ ಇರುವುದು ನನಗೆ ಬೇಡವಾಗಿತ್ತು.

ಪರೀಕ್ಷೆ ಮಾಡುವ ಅಧಿಕಾರಿ ಬಂದ ದಿನ ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅಧಿಕಾರಿ ಟಾರ್ಚು ಹಿಡಿದು ರೆಕ್ಕೆಯ ಒಳಗೂ ಹೊರಗೂ ನೋಡಿ ತಲೆದೂಗಿದರು.

“ಬಹಳ ಚೆನ್ನಾಗಿದೆ. ಯಾರು ಹೊಡೆದದ್ದು?”

“ನಾನೇ, ಸರ್.”

“ಇವರು?” ಎಂದು ಬಾಗಿಲ ಕಡೆ ನೋಡಿದರು.

“ಇಲ್ಲೇ ದೋಣಿ ಕೆಲಸದವರು, ಸರ್. ನೋಡಕ್ಕೆ ಬಂದಿದಾರೆ.”

ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ಮೊದಲ ಪ್ರಶ್ನೆಗೆ ಸುಳ್ಳು ಹೇಳಿದ್ದೆ. ಎರಡನೆಯದಕ್ಕೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಆದರೂ ಅದೇ ಹೆಚ್ಚು ಹೊಲಸು. ದೊಡ್ಡಪ್ಪ ಅಧಿಕಾರಿಗೆ ಕೈ ಮುಗಿದು, “ಕಾಫಿ ತರ್ತೀನಿ” ಎಂದು ಮನೆಯೊಳಗೆ ಹೋದರು.

ಆಮೇಲೆ ಅವರು ಶೆಡ್ಡಿನ ಕಡೆ ಬರಲಿಲ್ಲ. ಕರೆದರೆ, ದೋಣಿ ಕೆಲಸ ಬಹಳ ಇದೆ ಎನ್ನುತ್ತಿದ್ದರು. ಇಂಜಿನ್ ಕೂರಿಸಿ, ಉಳಿದ ಪರೀಕ್ಷೆಗಳೂ ಮುಗಿದ ಮೇಲೆ ಅದೇ ಅಧಿಕಾರಿ ಬಂದು ಹಾರಾಟದ ಅನುಮತಿಯ ಸರ್ಟಿಫಿಕೇಟು ಕೊಟ್ಟು ಕೈ ಕುಲುಕಿದರು. ನನ್ನ ಡಿಗ್ರಿಯ ಕಾಗದ ಹಿಡಿದಾಗ ಆದ ಖುಷಿಯ ಕಾಲುಭಾಗವೂ ಆಗಲಿಲ್ಲ.

ಆ ಸರ್ಟಿಫಿಕೇಟನ್ನು ಬಾಳಗಡಿಗೆ ಒಯ್ದು ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ಅಂಚಿನಲ್ಲಷ್ಟೇ ಹಿಡಿದುಕೊಂಡರು.

“ಇದರಲ್ಲಿ ನಿಮ್ಮ ಹೆಸರು ಇಲ್ಲ ದೊಡ್ಡಪ್ಪ. ತಪ್ಪು ನಂದೇ” ಎಂದೆ.

“ಹೆಸ್ರು ಹೋಗ್ಲಿ ಮಾರಾಯ,” ಎಂದರು. “ಅವ್ರು ಕೇಳಿದಾಗ, ನಮ್ಮ ದೊಡ್ಡಪ್ಪ ಅಂತ ಹೇಳಕ್ಕೆ ನಿಂಗೆ ಎಂತ ಆಗಿತ್ತು?”